ಗೆರೆಯ ಪಕ್ಕದ ಚೆಂಡು

ಕೋಟೆ, ಶಿವಮೊಗ್ಗ
೧೨-೨-೧೯೫೮, ಬುಧವಾರ

ಸೋತ ಸಿಟ್ಟಿನಲ್ಲೂ ಕಾಗದ ಹಾಕುವುದನ್ನು ಮರೆಯದ ನನ್ನ ಯಜಮಾನರಿಗೆ ನಮಸ್ಕಾರ.

ನಾವು ಕ್ಷೇಮ. ಪಾಪು ಈಗ ತಾನೆ ಮಲಗಿದ್ದಾನೆ. ಎಷ್ಟು ಹೊತ್ತು ಎಂಬುದು ಅವನಿಗೇ ಗೊತ್ತು, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನಡುನಡುವೆ ಎದ್ದು ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. “ನೀನು ಬೆರಳಿಟ್ಟಾಗಲೇ ಕಣೇ ಅದು ಏಳೋದು” ಎಂದು ಅಮ್ಮ ಬೈಯುತ್ತಾಳೆ. ಭದ್ರಾವತಿಯ ನ್ಯೂ ಟೌನಿಗೆ ಬಂದ ಮೇಲೆ ಕಾರ್ಖಾನೆಯ ಸೈರನ್ ಕೇಳಿ ಬೆಚ್ಚಿದರೇನು ಗತಿ ಎಂಬುದು ಇನ್ನೊಂದು ಚಿಂತೆ. ಇಲ್ಲಿಗೆ ಕೇಳಿಸದ ಆ ಸೈರನ್ನಿಗೆ ನಾನು ಮಾತ್ರ ದಿನವೂ ಎಚ್ಚರಾಗುತ್ತೇನೆ.

ಭಾನುವಾರದ ಬಾಲ್ ಬ್ಯಾಡ್ಮಿಂಟನ್ ಫೈನಲ್ಲಿನಲ್ಲಿ ನಿಮ್ಮ ತಂಡ ಸೋತಿದ್ದಕ್ಕೆ ಎರಡು ಪುಟ ಕಾರಣ ಬರೆದಿದ್ದೀರಿ. ಹೊಳೆ ಕಡೆಯ ಗಾಳಿ, ಹೊಸ ಉಣ್ಣೆಯ ಚೆಂಡು, ಮೂರ್ತಪ್ಪನವರ ಮೊಣಕಾಲು. ನನ್ನ ಆರೋಗ್ಯಕ್ಕೆ ಒಂದೂವರೆ ಸಾಲು. ಇರಲಿ. ಆದರೆ ಗಾಳಿ ನಮ್ಮಣ್ಣ ಹಾಲಣ್ಣನ ಕೋಟೆ ತಂಡಕ್ಕೂ ಬೀಸುತ್ತಿತ್ತಲ್ಲ?

ಸೋಲಿಸಿದ್ದು ಊಟ ಎಂದು ಅಮ್ಮನ ವಾದ. ಅಳಿಯನ ತಂಡ ಎಂದ ಮೇಲೆ ಅಷ್ಟೂ ಜನ ಬೀಗರೇ ಎಂದು ಅಪ್ಪಾಜಿ ನಿಮ್ಮೆಲ್ಲರನ್ನೂ ಕೂರಿಸಿ ಹೋಳಿಗೆ ಹಾಕಿಸಿದರು. ಸಾಕು ಎಂದು ಕೈ ಅಡ್ಡ ಹಿಡಿದವರ ಎಲೆಗೇ ಇನ್ನೊಂದು ಬಿತ್ತು. ಬಡಿಸಿದವರು ಹಾಲಣ್ಣನ ತಂಡದ ಹುಡುಗರು. ಬೀಗರು ಎದ್ದ ಮೇಲೆ ತಾನೇ ಮನೆಯವರ ಪಂಕ್ತಿ? ಅಷ್ಟರಲ್ಲಿ ಆಟದ ಹೊತ್ತಾಗಿ ಅವರು ಮಜ್ಜಿಗೆ ಕುಡಿದು ಓಡಿದರು. ಮೊದಲ ಗೇಮಿನಲ್ಲಿ ಮೂರ್ತಪ್ಪನವರು ಒಂದು ಸಲವಾದರೂ ಬಗ್ಗಿದ್ದನ್ನು ನಾನು ಕಾಣೆ. ಆದರೂ ಎರಡನೆಯದನ್ನು ಗೆದ್ದಿರಿ, ಇಪ್ಪತ್ತೊಂಬತ್ತಕ್ಕೆ ಮುಗಿಯುವ ಆಟದಲ್ಲಿ ಮೂರನೆಯದನ್ನು ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟರವರೆಗೆ ಎಳೆದಿರಿ. ಅಷ್ಟು ಹೊತ್ತಿಗೆ ಹೋಳಿಗೆ ಕರಗಿತ್ತು. ಹಾಗಾಗಿ ಅಮ್ಮನ ವಾದವೂ ನಿಲ್ಲುವುದಿಲ್ಲ.

ನನಗೆ ಸಿಟ್ಟಿರುವುದು ನಿಮ್ಮ ಬಾಜಿಯ ಮೇಲೆ. ಬಾಣಂತಿಯನ್ನು ಬೆಸ ತಿಂಗಳಲ್ಲೇ ಗಂಡನ ಮನೆಗೆ ಕಳಿಸಬೇಕು, ಪಾಪುವಿಗೆ ಈಗ ಐದನೆಯದು. ನ್ಯೂ ಟೌನ್ ಗೆದ್ದರೆ ಮಾರನೆಯ ದಿನವೇ ನಾನು ಭದ್ರಾವತಿಗೆ, ಕೋಟೆ ಗೆದ್ದರೆ ಏಳನೆಯ ತಿಂಗಳವರೆಗೆ ನಾನು ಇಲ್ಲೇ ಎಂದು ಭಾವ ಮೈದುನರಿಬ್ಬರೂ ಕೈಗೆ ಕೈ ಹೊಡೆದುಕೊಂಡಿರಿ. ಬಿ.ಎ. ಓದಿದವಳನ್ನು ಒಂದು ಮಾತು ಕೇಳಲಿಲ್ಲ.

ಗೆರೆ ಕಾಯಬೇಕಾದವರು ಬರದಿದ್ದಾಗ ನನ್ನನ್ನು ಕುರ್ಚಿ ಹಾಕಿ ಕೂರಿಸಿದ್ದು ನಿಮ್ಮ ತಂಡದ ಸೆಕ್ರೆಟರಿ ಜಂಬಣ್ಣನವರೇ. “ಅವರ ಕ್ಯಾಪ್ಟನ್ನಿಗೆ ತಂಗಿ, ನಮ್ಮ ಕ್ಯಾಪ್ಟನ್ನಿಗೆ ಹೆಂಡ್ತಿ. ಎರಡೂ ಮನೇಲಿ ಉಣ್ಬೇಕಲ್ಲ ಮಾರಾಯ್ರೇ, ಸುಳ್ಳು ಹೇಳೋಕೆ ಎಲ್ಲಿಂದ ಆಗುತ್ತೆ” ಎಂದರು. ನಾನು ಕಾಲೇಜಿನಲ್ಲಿ ಈ ಆಟ ಆಡಿದವಳು ಎಂಬುದು ಯಾರಿಗೂ ನೆನಪಾಗಲಿಲ್ಲ.

ಕೊನೆಯ ಚೆಂಡು ನೀವು ಹೊಡೆದದ್ದು. ಹಾಲಣ್ಣ ಮುಟ್ಟದೆ ಬಿಟ್ಟ. ನನ್ನ ಗೆರೆಯ ಪಕ್ಕದಲ್ಲಿ ಬಿತ್ತು. ಅಂಪೈರು, ಎರಡು ತಂಡ, ಅರ್ಧ ಕೋಟೆ ಎಲ್ಲ ನನ್ನ ಮುಖ ನೋಡಿದರು. ನಾನು ಔಟ್ ಎಂದೆ.

ನಿಮ್ಮ ಹತ್ತಿರ ಮುಚ್ಚುವುದೇನು. ನನಗೆ ಆಗ ತೂಕಡಿಕೆ. ರಾತ್ರಿಯೆಲ್ಲ ತೊಟ್ಟಿಲು ತೂಗಿದವಳನ್ನು ಬಿಸಿಲಿನಲ್ಲಿ ಕೂರಿಸಿದರೆ ಇನ್ನೇನಾಗುತ್ತದೆ? ಚೆಂಡು ಎಲ್ಲಿ ಬಿತ್ತೋ ನೋಡಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಆದ್ದರಿಂದ ನಿಮ್ಮನ್ನು ಸೋಲಿಸಿದವನು ನಿಮ್ಮ ಮಗ. ಗಾಳಿಯನ್ನು ಬಿಟ್ಟುಬಿಡಿ.

ಜಂಬಣ್ಣನವರಿಗೆ ಈ ಕಾಗದ ತೋರಿಸಬೇಡಿ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಪಾಪು ಎದ್ದ.

ಯಾರು ಏನೇ ಅಂದರೂ ನಿಮ್ಮ ಕಡೆಯವಳೇ ಆದ,
ಜಗದಾಂಬಾ

ಇನ್ನೊಂದು ಮಾತು: ತೂಕಡಿಕೆ ಎಂದದ್ದು ಸುಳ್ಳು. ಮಲಗಿದರೇ ನಿದ್ದೆ ಬಾರದವಳಿಗೆ ಕೂತಲ್ಲಿ ಬರುತ್ತದೆಯೇ? ಚೆಂಡು ಒಳಗೇ ಬಿತ್ತು, ಗೆರೆಗಿಂತ ನಾಲ್ಕು ಬೆರಳು ಒಳಕ್ಕೆ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಕೂತಿದ್ದ ಸುಭದ್ರಮ್ಮ ಸೋದರತ್ತೆ, “ಕೇಳ್ಬೇಕಾ? ಒಳಗೆ ಅಂತಾಳೆ ನೋಡ್ತಿರಿ. ಗಂಡನ ಹತ್ರ ಓಡೋಕೆ ನಿನ್ನೇನೇ ಟ್ರಂಕು ತುಂಬಿಟ್ಟಿದಾಳೆ” ಎಂದರು. ಹೆಂಗಸರೆಲ್ಲ ನಕ್ಕರು. ಅಪ್ಪಾಜಿ ಅಲ್ಲೇ ನಿಂತಿದ್ದರು. ನಾಚಿಕೆಗೆ ಔಟ್ ಎಂದುಬಿಟ್ಟೆ. ಟ್ರಂಕು ತುಂಬಿಟ್ಟಿದ್ದು ನಿಜ, ಇನ್ನೂ ಬಿಚ್ಚಿಲ್ಲ. ನೀವಿಬ್ಬರೂ ಬಾಜಿ ಕಟ್ಟಿದ್ದು ನನ್ನ ಮೇಲೆ, ಪಾಪುವಿನ ಮಾತನ್ನು ಯಾರೂ ಎತ್ತಿಲ್ಲ. ಐದನೆಯ ತಿಂಗಳು ಮುಗಿಯುವುದರೊಳಗೆ, ಬರುವ ಭಾನುವಾರವೇ ಬಂದು ನಿಮ್ಮ ಮಗನನ್ನು ಎತ್ತಿಕೊಂಡು ಹೊರಡಿ. ಮೊಲೆ ಬಿಡದ ಕೂಸು, ಜೊತೆಗೆ ಯಾರಾದರೂ ಹೋಗಲೇಬೇಕಾಗುತ್ತದೆ.