ರ‍್ಯಾಕಿನ ಹಿಂಬದಿ

ಮಾರ್ಚ್ ೧೨, ಗುರುವಾರ.

ಆಂಬುಲೆನ್ಸ್ ಕರೆಗಳ ರೇಡಿಯೋ ರ‍್ಯಾಕಿಗೆ ಎರಡು ಪವರ್ ಸಪ್ಲೈ. ಒಂದು ಕೈಕೊಟ್ಟರೂ ಇನ್ನೊಂದು ಸಂಸಾರ ತೂಗಿಸುತ್ತದೆ. ಇವತ್ತು ಮುಂಬದಿಯಲ್ಲಿ ಎಡಗಡೆಯದು ಕೆಟ್ಟಿದೆಯೆಂದು ಕೆಂಪು ದೀಪ. ಹಿಂಬದಿಗೆ ಹೋಗಿ ಎಡಗಡೆಯದನ್ನೇ ಎಳೆದೆ. ಹಿಂದಿನಿಂದ ಎಡ ಬಲವಾಗುತ್ತದೆಂದು ಈ ಪಂಡಿತೋತ್ತಮನಿಗೆ ಹೊಳೆಯಲಿಲ್ಲ. ಚೆನ್ನಾಗಿದ್ದದ್ದೇ ಕೈಗೆ ಬಂತು, ರ‍್ಯಾಕ್ ಮೌನವ್ರತ ಹಿಡಿಯಿತು.

ಸಾಹೇಬರು ಓಡಿಬಂದರು. "ಏನ್ರೀ ಇದು?"

"ಎರಡೂ ಒಟ್ಟಿಗೇ ಕೈಕೊಟ್ವು ಸಾರ್," ಎಂದೆ. ನಾಲಿಗೆ ತೊದಲಲೂ ಇಲ್ಲ.

ಬೈಗುಳವೆಲ್ಲ, ಹೋದ ವಾರ ಅವನ್ನು ಸರ್ವಿಸ್ ಮಾಡಿದ್ದ ಜೊತೆಗೆಲಸದ ಅಕ್ಕನ ಪಾಲಾಯಿತು. ಸಾಹೇಬರು ಬೆನ್ನು ತಿರುಗಿಸಿದೊಡನೆ ಅವಳು ನನ್ನ ಕೈಯಲ್ಲಿದ್ದದ್ದನ್ನು ಮುಟ್ಟಿದಳು. "ಸತ್ತಿದ್ದು ಇಷ್ಟು ಬೆಚ್ಚಗಿರುತ್ತೇನೋ?" ಎಂದು ಮೆಲ್ಲಗೆ ಕೇಳಿ, ಅದನ್ನು ಒಳಕ್ಕೆ ತಳ್ಳಿದಳು. ರ‍್ಯಾಕ್ ಮತ್ತೆ ಮಾತಾಡಿತು.

ಅವಳು ದೂರು ಹೇಳಿದ್ದರೆ ಒಂದು ಜೋಕು ಹೊಡೆದು ಪಾರಾಗುತ್ತಿದ್ದೆ. ಹೇಳಲಿಲ್ಲ. ನಾಳೆ ಬೆಳಿಗ್ಗೆ ನಾನೇ ಸಾಹೇಬರ ಬಾಗಿಲು ತಟ್ಟಿ, ಮೊದಲು ಅಕ್ಕನ ತಪ್ಪೇನೂ ಇಲ್ಲವೆಂದು ಹೇಳಬೇಕು, ಆಮೇಲೆ ನನ್ನ ಎಡ-ಬಲದ ಕತೆ.