ಓಡುವವರಿಗೆ ನೀರು

ಕಾಪು ಪಡು
17-4-1983

ಪ್ರೀತಿಯ ತಂಗಿ ವಾರಿಜಾಳಿಗೆ ಅಣ್ಣ ದೇಜಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಹುಷಾರಾಗಿದ್ದೇವೆ. ನೀನು, ಭಾವ, ಮಕ್ಕಳು ಮುಂಬಯಿಯಲ್ಲಿ ಚೆನ್ನಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಶಿವರಾತ್ರಿ ಕಳೆದ ವಾರವೇ ಬಂದ ನಿನ್ನ ಪತ್ರಕ್ಕೆ ಎರಡು ತಿಂಗಳ ಮೇಲೆ ಉತ್ತರ ಬರೆಯುತ್ತಿದ್ದಾನಲ್ಲ ಎಂದು ಸಿಟ್ಟು ಮಾಡಬೇಡ. ಮರೆತದ್ದಲ್ಲ. ಪತ್ರ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ನಿನ್ನ ಅತ್ತಿಗೆ ಒಂದು ದಿನ ಅಂಗಿಯ ಜೊತೆಗೆ ಅದನ್ನೂ ಒಗೆದುಬಿಟ್ಟಳು. ಆದರೂ ನೀನು ಕೇಳಿದ ಪ್ರಶ್ನೆ ಅಷ್ಟು ಹೊತ್ತಿಗೆ ನನಗೆ ಬಾಯಿಪಾಠವಾಗಿತ್ತು.

ಭಾವನಿಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ್ದಾರೆ, ಮಾತ್ರೆ ಬಿಡಬಾರದು, ದಿನಾಲೂ ನಡೆಯಬೇಕು ಎಂದಿದ್ದಾರೆ ಅಂತ ಬರೆದಿದ್ದೆ. ಆದರೆ ನಿಮ್ಮ ಕೆಳಗಿನ ಮಾಳಿಗೆಯ ಲಿಯೋನೆಲ್ ಎಂಬವರು ಅದೇ ಕಾಯಿಲೆಗೆ ಮಾತ್ರೆಯನ್ನೆಲ್ಲ ಬಿಸಾಡಿ, ಹಾಗಲಕಾಯಿಯ ರಸ ಕುಡಿದು, ದಿನಕ್ಕೆ ನೂರು ಬಸ್ಕಿ ಹೊಡೆದು ಗಟ್ಟಿಮುಟ್ಟಾಗಿದ್ದಾರೆ, ಭಾವನಿಗೂ ಹಾಗೆಯೇ ಮಾಡಲು ಹೇಳುತ್ತಿದ್ದಾರೆ ಎಂದೂ ಬರೆದಿದ್ದೆ. ಮೂವತ್ತು ವರ್ಷ ಜನರ ಮೈ ಪಳಗಿಸಿದವನು ನೀನು, ಯಾರ ಮಾತು ನಂಬುವುದು ಹೇಳು ಅಣ್ಣ ಎಂದು ಕೇಳಿದ್ದೆ.

ಆಗಲೇ ಉತ್ತರಿಸಿದ್ದರೆ ಎರಡು ಸಾಲು ಸಾಕಿತ್ತು. ಗುಣವಾದವನ ಮಾತು ನಂಬು, ಪುಸ್ತಕ ಓದಿದವನಿಗಿಂತ ಮೈಯಲ್ಲಿ ಮಾಡಿ ತೋರಿಸಿದವನು ದೊಡ್ಡವನು ಎಂದು ಬರೆದು ಅಂಚೆಗೆ ಹಾಕುತ್ತಿದ್ದೆ. ಈಗ ಹಾಗೆ ಬರೆಯಲಾರೆ. ಯಾಕೆಂದು ಹೇಳಲು ಇನ್‌ಲ್ಯಾಂಡ್ ಲೆಟರಿನಲ್ಲಿ ಜಾಗ ಸಾಲದು. ಅದಕ್ಕೇ ಕವರು ತಂದಿದ್ದೇನೆ.

ನಮ್ಮ ವ್ಯಾಯಾಮ ಶಾಲೆಯ ನಿಯಮಗಳು ನಿನಗೆ ಗೊತ್ತು. ಅದರಲ್ಲಿ ಮುಖ್ಯವಾದದ್ದು ನೀರಿನದು. ವ್ಯಾಯಾಮಕ್ಕೆ ಒಂದು ಗಂಟೆ ಮೊದಲು ನೀರು ಮುಟ್ಟಬಾರದು, ಮಾಡುವಾಗ ಹನಿ ನೀರೂ ಕೂಡದು, ಮುಗಿದ ಮೇಲೂ ಒಂದು ಗಂಟೆ ತಡೆಯಬೇಕು. ಬೆವರಿದ ಮೈಗೆ ನೀರು ಇಳಿದರೆ ಹೊಟ್ಟೆ ಹಿಡಿಯುತ್ತದೆ, ಉಸಿರು ಕಟ್ಟುತ್ತದೆ ಎಂದು ನನ್ನ ಗುರುಗಳು ಹೇಳಿಕೊಟ್ಟದ್ದು. 1952ರಲ್ಲಿ ಕಾರ್ಕಳದಿಂದ ಉಡುಪಿಯವರೆಗೆ ಒಂದು ಗುಟುಕು ನೀರಿಲ್ಲದೆ ಓಡಿ ನಾನು ಮೊದಲಿಗನಾಗಿ ಬಂದವನು. ನನಗೆ ಐವತ್ತೆಂಟು ವರ್ಷ ಪ್ರಾಯ ಆಯಿತು, ಈಗಲೂ ಬೆಳಿಗ್ಗೆ ಇನ್ನೂರು ದಂಡೆ ಹೊಡೆಯುತ್ತೇನೆ. ಯಾರಾದರೂ ಸಂಶಯ ಎತ್ತಿದರೆ ನನ್ನನ್ನೇ ನೋಡಿ ಎನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಬುಟ್ಟಿ ಹೊತ್ತು ಶಿರ್ವದ ಕಡೆಗೆ ಮೀನು ಮಾರಲು ಹೋಗುವ ಸುಂದರಿಯ ನೆನಪು ಉಂಟಲ್ಲ? ಗಂಡ ತೀರಿಹೋದ ಮೇಲೆ ಅವಳಿಗೆ ಇರುವುದು ಒಬ್ಬಳೇ ಮಗಳು, ಕುಶಲಾ. ಹತ್ತೊಂಬತ್ತು ವರ್ಷ, ಉಡುಪಿಯಲ್ಲಿ ಕಾಲೇಜು. ಹುಡುಗಿಯರನ್ನು ವ್ಯಾಯಾಮ ಶಾಲೆಗೆ ಸೇರಿಸುವ ಕ್ರಮ ನಮ್ಮಲ್ಲಿ ಇರಲಿಲ್ಲ. ಆದರೆ ಈ ಹುಡುಗಿ ಬೆಳಿಗ್ಗೆ ಬಸ್ಸಿಗೆ ಓಡುವುದನ್ನು ನೋಡಿ ನಾನೇ ಸುಂದರಿಯ ಮನೆಗೆ ಹೋಗಿ ಕೇಳಿದೆ. ಎರಡು ವರ್ಷ ಕಡಲತೀರದ ದೀಪಸ್ತಂಭದಿಂದ ತೆಂಕಣಕ್ಕೆ ಹಸಿ ಮರಳಿನಲ್ಲಿ ಬರಿಗಾಲಲ್ಲಿ ಓಡಿಸಿದೆ. ಅವಳು ಓಡುವಾಗ ಹೆಜ್ಜೆಯ ಸದ್ದೇ ಕೇಳುವುದಿಲ್ಲ ವಾರಿಜಾ.

ಅವಳ ಕಾಲೇಜಿಗೆ ಹೋದ ವರ್ಷ ದೈಹಿಕ ಶಿಕ್ಷಣಕ್ಕೆ ಹೊಸ ಟೀಚರ್ ಬಂದರು. ಕಾರ್ಕಳದ ಕ್ರಿಶ್ಚಿಯನ್ ಮನೆತನದವರು, ಹೆಸರು ಐರಿನ್. ಮೂವತ್ತರ ಒಳಗಿನ ಪ್ರಾಯ. ಉತ್ತರದ ಕಡೆ ಹೋಗಿ ಕಲಿತು ಬಂದವರು. ಓಡುವಾಗ ನೀರು ಕುಡಿಯಲೇಬೇಕು ಎಂದು ಅವರು ಹೇಳುತ್ತಾರೆಂದು ಕುಶಲಾ ಒಂದು ದಿನ ಹೆದರಿ ಹೆದರಿ ನನ್ನಲ್ಲಿ ಹೇಳಿದಳು. ನಾನು ನಕ್ಕೆ. ಜನವರಿಯಲ್ಲಿ ಐರಿನ್ ಟೀಚರ್ ಮಣಿಪಾಲದ ಯಾವುದೋ ಲೈಬ್ರರಿಯಿಂದ ಬರೆದುಕೊಂಡು ತಂದ ಕಾಗದಗಳನ್ನು ಹಿಡಿದು ನಮ್ಮ ಮನೆಗೇ ಬಂದರು. ಬೇರೆ ದೇಶಗಳಲ್ಲಿ ನೂರಾರು ಸಿಪಾಯಿಗಳನ್ನು, ಓಟಗಾರರನ್ನು ನೀರು ಕೊಟ್ಟೂ ಕೊಡದೆಯೂ ಪರೀಕ್ಷೆ ಮಾಡಿದ್ದಾರಂತೆ. ನೀವು ಒಮ್ಮೆ ಬಂದು ಕಣ್ಣಾರೆ ನೋಡಬೇಕು ಎಂದು ಕೇಳಿಕೊಂಡರು.

ಹೋದೆ. ಕಾಲೇಜಿನ ಆರು ಮಂದಿಯನ್ನು ಒಂದು ಭಾನುವಾರ ನೀರಿಲ್ಲದೆ, ಮುಂದಿನ ಭಾನುವಾರ ಎರಡೆರಡು ಮೈಲಿಗೆ ನೀರು ಕೊಟ್ಟು, ಅದೇ ಎಂಟು ಮೈಲಿ ಓಡಿಸಿದರು. ಓಟದ ಮೊದಲು ಒಮ್ಮೆ, ಆಮೇಲೆ ಒಮ್ಮೆ ತೂಕ ನೋಡಿದರು, ಜ್ವರದ ಕಡ್ಡಿ ಇಟ್ಟು ಮೈಯ ಬಿಸಿ ನೋಡಿದರು. ನೀರಿಲ್ಲದ ದಿನ ಒಬ್ಬೊಬ್ಬರೂ ಎರಡು ಕೇಜಿಯ ಹತ್ತಿರ ಇಳಿದಿದ್ದರು, ಮೈ ಜ್ವರ ಬಂದವರ ಹಾಗೆ ಕಾದಿತ್ತು. ನೀರು ಕುಡಿದ ದಿನ ತೂಕ ಅದರ ಅರ್ಧದಷ್ಟೂ ಇಳಿದಿರಲಿಲ್ಲ, ಮೈಯೂ ಅಷ್ಟು ಕಾದಿರಲಿಲ್ಲ, ಯಾರಿಗೂ ಹೊಟ್ಟೆ ಹಿಡಿಯಲಿಲ್ಲ. ನಾಲ್ಕು ಮಂದಿ ಕೊನೆಯ ಎರಡು ಮೈಲಿ ಬೇಗ ಓಡಿದ್ದರು. ಇಬ್ಬರಿಗೆ ಏನೂ ವ್ಯತ್ಯಾಸ ಆಗಿರಲಿಲ್ಲ, ಅದನ್ನೂ ಟೀಚರ್ ಮುಚ್ಚಿಡಲಿಲ್ಲ. ಆರೇ ಮಂದಿಯಿಂದ ಎಲ್ಲ ತೀರ್ಮಾನ ಆಗುವುದಿಲ್ಲ ಎಂದೂ ಅವರೇ ಹೇಳಿದರು.

ನಾನು ಅಲ್ಲೇ ಮೈದಾನದಲ್ಲಿ ಅಂಗಿ ತೆಗೆದು ನೂರು ದಂಡೆ ಹೊಡೆದೆ. ಮಕ್ಕಳು ಚಪ್ಪಾಳೆ ತಟ್ಟಿದರು, ಐರಿನ್ ಟೀಚರೂ ತಟ್ಟಿದರು. ಇದಕ್ಕೆ ನಿಮ್ಮ ಕಾಗದದಲ್ಲಿ ಉತ್ತರ ಉಂಟಾ ಎಂದು ಕೇಳಿದೆ. ಅವರು ಮೆಲ್ಲಗೆ ಹೇಳಿದರು:

"ನಿಮಗೆ ಎಂತದೂ ಆಗಲಿಲ್ಲ ಮಾಸ್ಟ್ರೇ, ಅದು ನಿಜ. ನಿಮ್ಮ ಹತ್ತಿರ ಉಳಿದವರೆಲ್ಲ ಎಂತದೂ ಆಗದವರೇ. ತಡೆಯಲಾರದೆ ಬಿಟ್ಟುಹೋದವರು ಎಷ್ಟು ಮಂದಿ? ಅವರನ್ನು ಕೇಳಿದ್ದೀರಾ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತರಿಸಿದ ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದೆ.

ಮಾರ್ಚ್ ಹದಿಮೂರಕ್ಕೆ ಹಿರಿಯಡ್ಕದಿಂದ ಉಡುಪಿಗೆ ಹತ್ತು ಮೈಲಿಯ ಓಟ ಇತ್ತು. ಅದರ ಮೂರು ದಿನ ಮೊದಲು ಸುಂದರಿ ಖಾಲಿ ಬುಟ್ಟಿ ಹೊತ್ತುಕೊಂಡೇ ನಮ್ಮ ಅಂಗಳಕ್ಕೆ ಬಂದಳು. ಮಗಳು ಎರಡು ಮಾತಿನ ನಡುವೆ ಸಿಕ್ಕಿಕೊಂಡು ಸರಿಯಾಗಿ ಊಟ ಮಾಡುತ್ತಿಲ್ಲ ಎಂದಳು. ನಿನ್ನ ಅತ್ತಿಗೆ ಕೂತುಕೊಳ್ಳಲು ಹೇಳಿದರೂ ಕೂರಲಿಲ್ಲ.

"ಟೀಚರಿಗೂ ಅವಳ ಮೇಲೆ ಪ್ರೀತಿ ಉಂಟು, ನಿಮಗೂ ಉಂಟು. ನನಗೆ ಓದು ಇಲ್ಲ ಮಾಸ್ಟ್ರೇ. ನಿಮ್ಮದೇ ಮಗಳಾಗಿದ್ದರೆ ಎಂತ ಹೇಳ್ತಿದ್ರಿ?"

ಮಕ್ಕಳಿಲ್ಲದ ನನಗೆ ಆ ಮಾತು ತಾಗಿತು. ಆದರೂ, ನನ್ನ ಮಗಳಾಗಿದ್ದರೆ ನೀರು ಕೊಡುತ್ತಿರಲಿಲ್ಲ ಎಂದೇ ಹೇಳಿದೆ. ಸುಂದರಿ ತಲೆಯಾಡಿಸಿ ಹೋದಳು. ಅವಳಿಗೆ ಅಷ್ಟು ಸಾಕಾಯಿತು.

ಓಟದ ದಿನ ನಾನು ಸೈಕಲಿನಲ್ಲಿ ಹಿಂದೆಯೇ ಇದ್ದೆ. ಎಂಟು ಗಂಟೆಗೆ ಹೊರಡಬೇಕಾದ ಓಟ ಅತಿಥಿಗಳು ತಡವಾಗಿ ಬಂದು ಹತ್ತಕ್ಕೆ ಹೊರಟಿತು. ಮಾರ್ಚಿನ ಬಿಸಿಲು ನಿನಗೆ ಗೊತ್ತಲ್ಲ, ಗಾಳಿಯ ಸುದ್ದಿಯೇ ಇಲ್ಲ. ಆತ್ರಾಡಿಯವರೆಗೆ ಕುಶಲಾ ಹುಡುಗಿಯರಲ್ಲಿ ಎಲ್ಲರಿಗಿಂತ ಮುಂದಿದ್ದಳು. ಪರ್ಕಳ ದಾಟಿ ಮಣಿಪಾಲದ ಏರು ಸಿಕ್ಕಿದಾಗ ಅವಳ ಹೆಜ್ಜೆ ರಸ್ತೆಯ ಮಧ್ಯಕ್ಕೂ ಬದಿಗೂ ಎಳೆಯತೊಡಗಿತು. ಹತ್ತಿರ ಹೋಗಿ ನೋಡುತ್ತೇನೆ, ಬೆವರು ನಿಂತುಹೋಗಿದೆ. ತುಟಿ ಬಿಳುಚಿದೆ. ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ನೋಡುವವಳಂತೆ ನೋಡಿದಳು.

ಏರಿನ ಅರ್ಧದಲ್ಲಿ ಒಂದು ಮರದ ಕೆಳಗೆ ಐರಿನ್ ಟೀಚರ್ ನೀರಿನ ಕೊಡ ಇಟ್ಟುಕೊಂಡು ನಿಂತಿದ್ದರು. ಲೋಟ ಚಾಚಿದರು. ಕುಶಲಾ ಲೋಟ ನೋಡಿದಳು, ಆಮೇಲೆ ತಿರುಗಿ ನನ್ನನ್ನು ನೋಡಿದಳು. ಆ ಸ್ಥಿತಿಯಲ್ಲೂ ಹುಡುಗಿ ನನ್ನ ಅಪ್ಪಣೆಗೆ ಕಾಯುತ್ತಿದ್ದಳು ವಾರಿಜಾ. ನಾನು ಸೈಕಲನ್ನು ಹಾಗೆಯೇ ಬಿಟ್ಟೆ, ಅದು ಬಿದ್ದು ತಗ್ಗಿಗೆ ಜಾರಿತು. ಲೋಟ ನಾನೇ ತೆಗೆದುಕೊಂಡು ಅವಳ ಬಾಯಿಗೆ ಹಿಡಿದೆ.

"ಕುಡಿ ಮಗಾ."

"ಓಟ ಮುಗಿಸಬೇಡವಾ ಮಾಸ್ಟ್ರೇ?"

"ಬೇಡ. ಕುಡಿ."

ಎರಡು ಗುಟುಕು ಇಳಿದವು, ಅಷ್ಟರಲ್ಲಿ ಕುಸಿದಳು. ಟೀಚರ್ ಅವಳನ್ನು ನೆರಳಿಗೆ ಎಳೆದು ತಲೆ, ಕುತ್ತಿಗೆ, ಕಂಕುಳಿಗೆಲ್ಲ ಕೊಡದ ನೀರು ಸುರಿದರು, ತಮ್ಮ ಸೆರಗಿನಿಂದಲೇ ಗಾಳಿ ಹಾಕಿದರು. ಆ ದಾರಿಯಲ್ಲಿ ಬಂದ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಇನ್ನು ಅರ್ಧ ಮೈಲಿ ಓಡಿದ್ದರೆ ಹೇಳುವ ಹಾಗಿರಲಿಲ್ಲ ಎಂದು ಡಾಕ್ಟರು ಟೀಚರಲ್ಲಿ ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಅರ್ಥವಾಗದೆ ಇರಲಿಲ್ಲ.

ಎರಡನೆಯ ದಿನ ಹುಡುಗಿ ಎದ್ದು ಕೂತು ಗಂಜಿ ಕುಡಿದಳು. ಆಮೇಲೆ ನಾನು ವರಾಂಡಕ್ಕೆ ಬಂದು ಸುಂದರಿಯ ಎದುರು ನಿಂತೆ. ಅವಳೇ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ನಿಮಗೆ ಗೊತ್ತಿದ್ದದ್ದನ್ನು ನೀವು ಹೇಳಿದಿರಿ, ಗೊತ್ತಿದ್ದೂ ಕೆಟ್ಟದ್ದು ಮಾಡುವವರಲ್ಲ ನೀವು ಎಂದಳು. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ನಿನ್ನೆ ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ಇವತ್ತು ಸೋಮವಾರ. ನಿನ್ನ ಅತ್ತಿಗೆ ಬಂಗುಡೆ ಸಾರು ಮಾಡಿದ್ದಾಳೆ, ಅವಳ ಹಲ್ಲುನೋವು ಕಡಿಮೆಯಾಗಿದೆ ಎಂದು ಬರೆಯಲು ಹೇಳಿದಳು.

ವ್ಯಾಯಾಮ ಶಾಲೆಯ ಮೂಲೆಯಲ್ಲಿ ಈಗ ನೀರಿನ ಹಂಡೆ ಇಟ್ಟಿದ್ದೇನೆ. ಹಳೆಯ ಶಿಷ್ಯರಲ್ಲಿ ಕೆಲವರಿಗೆ ಅಸಮಾಧಾನ. ಚೆನ್ನಪ್ಪನಂತೂ, ಅವನು ಈಗ ಪೊಲೀಸಿನಲ್ಲಿದ್ದಾನೆ, ಒಂದು ಹುಡುಗಿ ತಲೆತಿರುಗಿ ಬಿದ್ದದ್ದಕ್ಕೆ ಮಾಸ್ಟ್ರು ಮೂವತ್ತು ವರ್ಷದ ವಿದ್ಯೆ ಬಿಟ್ಟುಕೊಟ್ಟರು ಎಂದು ಎಲ್ಲರ ಎದುರಿಗೇ ಹೇಳಿದ. ನಾನು ಆ ವಾರ ಕೂತು, ಶಾಲೆಗೆ ಬಂದು ಬಿಟ್ಟುಹೋದವರ ಹೆಸರು ಒಂದೊಂದೇ ನೆನಪು ಮಾಡಿಕೊಂಡೆ. ನಲವತ್ತಾರು ಮಂದಿ ನೆನಪಾದರು. ಸೋಮಾರಿಗಳು ಎಂದು ನಾನು ಹಂಗಿಸಿ ಕಳಿಸಿದವರು. ಅವರಲ್ಲಿ ಹನ್ನೊಂದು ಮಂದಿಯ ಮನೆಗೆ ಹೋಗಿ ವಿಚಾರಿಸಿದೆ. ಏಳು ಮಂದಿ ತಲೆಸುತ್ತಿನಿಂದ ಬಿಟ್ಟದ್ದಂತೆ. ಒಬ್ಬನೂ ಆಗ ನನ್ನಲ್ಲಿ ಹೇಳಿರಲಿಲ್ಲ.

ಐರಿನ್ ಟೀಚರ ಕಾರ್ಕಳದ ಮನೆಗೂ ಹೋಗಿ ಬಂದೆ. ಅವರ ತಾಯಿ ಬರ್ತಾ ಬಾಯಿಯವರು ಊಟ ಮಾಡಿಸದೆ ಕಳಿಸಲಿಲ್ಲ. ನನ್ನದು ಎಲ್ಲವೂ ತಪ್ಪಾ ಎಂದು ಟೀಚರಲ್ಲಿ ಕೇಳಿದೆ. ನಿಮ್ಮ ಹಸಿ ಮರಳಿನ ಓಟದ ಬಗ್ಗೆ ನಾನು ಓದಿದ್ದರಲ್ಲಿ ಎಂತದೂ ಇಲ್ಲ ಮಾಸ್ಟ್ರೇ, ಸರಿ ಅಂತಲೂ ಹೇಳಲಾರೆ, ತಪ್ಪು ಅಂತಲೂ ಹೇಳಲಾರೆ, ನಾವೇ ಅಳತೆ ಮಾಡಿ ನೋಡುವ ಎಂದರು. ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳುವ ಗುರುಗಳನ್ನು ನಾನು ಮೊದಲು ಕಂಡಿರಲಿಲ್ಲ. ನಾನೂ ಅಂಥವನಾಗಿರಲಿಲ್ಲ.

ಈ ತಿಂಗಳ ಹತ್ತನೆಯ ತಾರೀಕು ಭಾನುವಾರ ಕಾರ್ಕಳದಲ್ಲಿ ಸಣ್ಣ ಓಟ ಇತ್ತು, ನಾಲ್ಕೇ ಮೈಲಿ. ಡಾಕ್ಟರು ಒಪ್ಪಿದ ಮೇಲೆ ಕುಶಲಾ ಓಡಿದಳು. ಎರಡು ಕಡೆ ನಾನೇ ನೀರು ಕೊಟ್ಟೆ. ಮೂರನೆಯವಳಾಗಿ ಬಂದಳು. ಸುಂದರಿ ಅವತ್ತು ಮೀನಿಗೆ ಹೋಗದೆ ನೋಡಲು ಬಂದಿದ್ದಳು.

ಇನ್ನು ನಿನ್ನ ಪ್ರಶ್ನೆ. ಭಾವ ಮಾತ್ರೆ ನಿಲ್ಲಿಸಬಾರದು. ನಡೆಯಲಿ, ದಿನಾ ನಡೆಯಲಿ. ಲಿಯೋನೆಲ್ ಸುಳ್ಳು ಹೇಳುತ್ತಿಲ್ಲ, ಅವರಿಗೆ ಗುಣವಾಗಿರಬಹುದು. ಆದರೆ ಆ ರಸ ಕುಡಿದು ಮಾತ್ರೆ ಬಿಟ್ಟವರು ಬೇರೆ ಎಷ್ಟು ಮಂದಿ, ಅವರೆಲ್ಲ ಈಗ ಹೇಗಿದ್ದಾರೆ ಎಂದು ಕೇಳು. ಡಾಕ್ಟರನ್ನೂ ಸುಮ್ಮನೆ ಬಿಡಬೇಡ, ಮಾತ್ರೆ ಯಾಕೆ ಎಂದು ಕೇಳು. ಬಿಡಿಸಿ ಹೇಳಲು ಬೇಸರಪಟ್ಟರೆ ಬೇರೆ ಡಾಕ್ಟರನ್ನು ನೋಡಿ. ಹಾಗಲಕಾಯಿ ಬೇಕಿದ್ದರೆ ಪಲ್ಯ ಮಾಡಿ ಹಾಕು.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳು ಚೆನ್ನಾಗಿ ಓದಲಿ, ಹೊಟ್ಟೆ ತುಂಬ ಉಣ್ಣಲಿ, ಬೆವರು ಬರುವ ಹಾಗೆ ಆಡಲಿ. ನಿನ್ನ ಮನೆಯಲ್ಲಿ ಎಲ್ಲರಿಗೂ ದೇವರು ಆಯುಸ್ಸು ಆರೋಗ್ಯ ಕೊಡಲಿ.

ಇಂತಿ ನಿನ್ನ ಅಣ್ಣ
ದೇಜಪ್ಪ

ಮರೆತ ಮಾತು: ಮರೆತದ್ದಲ್ಲ, ಕವರು ಅಂಟಿಸಿ ಪುನಃ ಬಿಡಿಸಿದೆ. ನಿನ್ನ ಸಣ್ಣಣ್ಣ ಅಂಗಾರ ತೀರಿಹೋದಾಗ ನಿನಗೆ ಹದಿಮೂರು ವರ್ಷ. ಅವನ ಹೃದಯ ಹುಟ್ಟಿನಿಂದಲೇ ದುರ್ಬಲವಾಗಿತ್ತು, ಓಡುವಾಗ ನಿಂತುಹೋಯಿತು ಎಂದು ನಿಮಗೆಲ್ಲ ಹೇಳಿದವನು ನಾನು. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಅವತ್ತು ಶಿರ್ವದ ದಾರಿಯಲ್ಲಿ ಅವನು ಓಡುತ್ತಿದ್ದ, ನಾನು ಸೈಕಲಿನಲ್ಲಿದ್ದೆ. ಏಪ್ರಿಲ್ ತಿಂಗಳು. ಅವನು ನೀರು ಕೇಳಿದ. ಇನ್ನು ಎರಡೇ ಮೈಲಿ, ಗಂಡಸಾಗು ಎಂದೆ. ರಸ್ತೆ ಬದಿಯ ಮನೆಯ ಒಬ್ಬ ಅಜ್ಜಿ ಚೊಂಬು ತುಂಬ ನೀರು ಹಿಡಿದು ಗೇಟಿನವರೆಗೆ ಬಂದಿದ್ದರು. ನಾನು ಕೈಮಾಡಿ ಅವರನ್ನು ಒಳಗೆ ಕಳಿಸಿದೆ. ಅವನು ಇನ್ನೊಮ್ಮೆ ಕೇಳಿದ. ನಾನು ಉತ್ತರವೇ ಕೊಡಲಿಲ್ಲ. ಮೂರನೆಯ ಸಲ ಅವನು ಕೇಳಲಿಲ್ಲ.

ಇಪ್ಪತ್ತೇಳು ವರ್ಷ ಆ ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಅದು ಸರಿ ಎಂದಲ್ಲ ವಾರಿಜಾ, ತಪ್ಪಾಗಿದ್ದರೆ ನಾನು ಏನಾಗಬೇಕು ಎಂಬ ಹೆದರಿಕೆಯಿಂದ. ಅಮ್ಮ ಸಾಯುವ ತನಕ, ತನ್ನ ಹೊಟ್ಟೆಯಲ್ಲೇ ಮಗನಿಗೆ ಆ ದೋಷ ಬಂತೆಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ಅವಳಿಗೆ ಹೇಳಲಿಲ್ಲ. ನಿನಗೆ ಹೇಳಿದ್ದೇನೆ.