ಹಾಡದ ಗಾಯನ ವೃಂದದ ನಲವತ್ತೈದು ವರ್ಷ

ನಮ್ಮ ಪುರಸಭೆಯ ಕ್ರೀಡಾ ವಿಭಾಗದ ಮಾನ್ಯ ಅಧಿಕಾರಿಗಳೇ,

ಜೂನ್ ಒಂಬತ್ತರ ನಿಮ್ಮ ಪತ್ರ ತಲುಪಿತು. ಕಾಲುವೆ ಪಕ್ಕದ ಮೈದಾನವನ್ನು ಜುಲೈ ಒಂದರಿಂದ ಗಂಡಸರ ಕ್ಲಬ್ಬಿಗೇ ಪೂರ್ತಿ ಬಿಟ್ಟುಕೊಡುತ್ತೀರಂತೆ. ಯಾರು ಹೆಚ್ಚು ಕಾಲದಿಂದ ಬಳಸುತ್ತಿದ್ದಾರೋ ಅವರಿಗೇ ಮೈದಾನ ಎಂಬುದು ನಿಮ್ಮ ನಿಯಮ. ಗಂಡಸರು ೧೯೭೯ರಿಂದ ಇದ್ದಾರೆ. ನಮ್ಮ ಲಿಬೆಲ್ಲುಲ ಮಹಿಳಾ ಫುಟ್‌ಬಾಲ್ ಕ್ಲಬ್ ೨೦೧೬ಕ್ಕೂ ಮೊದಲು ಅಲ್ಲಿ ಆಡಿದ್ದಕ್ಕೆ ದಾಖಲೆಯಿಲ್ಲ. ಜೂನ್ ಮೂವತ್ತರೊಳಗೆ ಮೈದಾನವಿದೆಯೆಂಬ ಪತ್ರ ಕೊಡದ ತಂಡವನ್ನು ಫುಟ್‌ಬಾಲ್ ಒಕ್ಕೂಟ ಈಗ ನೋಂದಾಯಿಸುವುದಿಲ್ಲ. ಅಂದರೆ ಐವತ್ತನಾಲ್ಕು ವರ್ಷದ ನಮ್ಮ ಕ್ಲಬ್ಬಿಗೆ ಇನ್ನು ಹದಿಮೂರು ದಿನ ಆಯುಸ್ಸು. ಇದನ್ನು ತಾವು ಎಷ್ಟು ಅಚ್ಚುಕಟ್ಟಾಗಿ, ಅಂಚುಗಳನ್ನು ಸಮ ಬಿಟ್ಟು, ಟೈಪ್ ಮಾಡಿಸಿದ್ದೀರೆಂದರೆ, ಓದುವಾಗ ಒಂದು ಕ್ಷಣ ಅಳುವುದೇ ಮರೆತುಹೋಯಿತು.

ದಾಖಲೆ ಇದೆ, ಮಾನ್ಯರೇ. ನಿಮ್ಮ ಕಪಾಟಿನಲ್ಲೇ ಇದೆ. ಅದರಲ್ಲಿ ಬರೆದಿರುವುದು ಸುಳ್ಳು ಎಂಬುದೊಂದೇ ತೊಂದರೆ.

೧೯೭೧ರಲ್ಲಿ ಕಾಲುಚೀಲದ ಕಾರ್ಖಾನೆಯ ಹದಿಮೂರು ಹೆಂಗಸರು ಮೈದಾನ ಕೇಳಿ ಪುರಸಭೆಗೆ ಅರ್ಜಿ ಹಾಕಿದರು. ಹೆಂಗಸರ ಕಾಲಿಗೆ ಚೆಂಡು ಸಿಕ್ಕರೆ ಊರಿನ ಮಾನ ಉರುಳುತ್ತಾ ಹೋಗಿ ಎಲ್ಲಿ ಬೀಳುತ್ತದೋ ಎಂದು ನಿಮ್ಮ ಕಚೇರಿ ಕಳವಳಗೊಂಡು ಎರಡು ಸಲ ಅರ್ಜಿ ತಿರಸ್ಕರಿಸಿತು. ಮೂರನೆಯ ಅರ್ಜಿಯನ್ನು ಬರೆದವಳು ಗೋಲ್‌ಕೀಪರ್ ವಾಂದಾ. ಆಗ ಅವಳಿಗೆ ಇಪ್ಪತ್ತೊಂದು. ಕಾಲುಚೀಲದ ಬೆರಳ ತುದಿ ಹೊಲಿಯುವ ವಿಭಾಗದಲ್ಲಿ ಕೆಲಸ. "ಮಹಿಳಾ ಗಾಯನ ವೃಂದ. ಮಂಗಳವಾರ, ಶುಕ್ರವಾರ ಸಂಜೆ ಅಭ್ಯಾಸ. ಧ್ವನಿ ದೊಡ್ಡದಾದ್ದರಿಂದ ಬಯಲೇ ಬೇಕು" ಎಂದು ಬರೆದಳು. ಎರಡೇ ದಿನದಲ್ಲಿ ಅನುಮತಿ ಬಂತು, ಪಾದ್ರಿಯವರ ಮೆಚ್ಚುಗೆಯ ಮಾತಿನ ಸಮೇತ.

ಆಮೇಲೆ ಅದೇ ಅಭ್ಯಾಸವಾಯಿತು. ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿ, ಅದೇ ಗಾಯನ ವೃಂದ. ಭಾನುವಾರ ಪಂದ್ಯವಿದ್ದರೆ "ಪರ ಊರಿನ ವೃಂದದೊಡನೆ ಜಂಟಿ ಗಾಯನ" ಎಂದು ಸೇರಿಸುತ್ತಿದ್ದರು. ಒಂದು ವರ್ಷ ಮಾಂತೊವಾ ಊರಿನ ವೃಂದದೊಡನೆ ನಡೆದ ಗಾಯನದಲ್ಲಿ ನಾವು ನಾಲ್ಕು–ಒಂದರಿಂದ ಗೆದ್ದೆವು. ಊರಿಗೆ ಊರೇ ಗೋಡೆ ಮೇಲೆ ಕೂತು, ಕುಂಬಳದ ಬೀಜ ತಿನ್ನುತ್ತಾ ನೋಡುತ್ತಿತ್ತು. ನಿಮ್ಮ ಕಚೇರಿಯವರೂ ಇದ್ದರು. ಸುಳ್ಳನ್ನು ತಿದ್ದುವ ಅಗತ್ಯ ಯಾರಿಗೂ ಕಾಣಲಿಲ್ಲ. ೨೦೧೬ರಲ್ಲಿ ತಾವು ಅರ್ಜಿಯನ್ನು ಕಂಪ್ಯೂಟರಿಗೆ ಏರಿಸಿದಿರಿ. ಅದರಲ್ಲಿ ಗಾಯನಕ್ಕೆ ಜಾಗವಿರಲಿಲ್ಲ, ಫುಟ್‌ಬಾಲಿಗೆ ಇತ್ತು. ಹಾಗಾಗಿ ನಲವತ್ತೈದು ವರ್ಷದಲ್ಲಿ ಮೊದಲ ಬಾರಿ ನಿಜ ಹೇಳಿದೆವು. ಅದೇ ದಿನ ನಾವು ಹುಟ್ಟಿದೆವು ಎನ್ನುತ್ತೀರಿ ತಾವು.

ಗೆದ್ದ ಕಪ್‌ಗಳನ್ನೂ ಫೋಟೋಗಳನ್ನೂ ತಂದು ನಿಮ್ಮ ಮೇಜಿನ ಮೇಲೆ ಜೋಡಿಸಿದೆವು. ಆಡಿದ್ದಕ್ಕೆ ಇವು ಸಾಕ್ಷಿ, ಇಲ್ಲಿ ಆಡಿದ್ದಕ್ಕಲ್ಲ ಎಂದಿರಿ. ಹಾಗಾದರೆ ಎಲ್ಲಿ ಆಡಿದೆವು? ಚರ್ಚಿನ ಗಂಟೆಗೋಪುರದ ಮೇಲೆಯೇ?

ಕೊನೆಗೆ ಹಳೆಯ ಕಡತ ಹುಡುಕಲು ನಾನೇ ನಿಮ್ಮ ಕಚೇರಿಯ ನೆಲಮಾಳಿಗೆಗೆ ಇಳಿದೆ. ಮೂರನೆಯ ದಿನ ೧೯೭೪ರ ಒಂದು ತಪಾಸಣಾ ವರದಿ ಸಿಕ್ಕಿತು. ಈ ವೃಂದದಿಂದ ಒಂದು ಸ್ವರವೂ ಕೇಳಿಸುತ್ತಿಲ್ಲವೆಂದು ಯಾರೋ ದೂರು ಕೊಟ್ಟಿದ್ದರಂತೆ. ಆಗ ನಿಮ್ಮ ಕುರ್ಚಿಯಲ್ಲಿದ್ದವರು ಖುದ್ದಾಗಿ ಬಂದಿದ್ದಾರೆ. ವಾಂದಾ ಹೇಳುತ್ತಿದ್ದ ಕಥೆಯ ಪ್ರಕಾರ, ಹೆಂಗಸರು ಚೆಂಡನ್ನು ಕಾಲುವೆಗೆ ಒದ್ದು, ಎತ್ತರದ ಪ್ರಕಾರ ಸಾಲಾಗಿ ನಿಂತು, ಎಲ್ಲರಿಗೂ ಬರುತ್ತಿದ್ದ ಒಂದೇ ಒಂದು ಮೇರಿಮಾತೆಯ ಸ್ತುತಿಯನ್ನು ಮೂರು ಸಲ ಹಾಡಿದ್ದಾರೆ. ವರದಿ ಇಷ್ಟೇ: "ಗಾಯನ ಸುಮಾರು. ಹದಿಮೂರು ಮಂದಿಯ ಮೊಣಕಾಲಿಗೂ ಕೆಸರು. ಒಬ್ಬಾಕೆ ಹಾಡುವಾಗಲೂ ದಪ್ಪ ಕೈಗವಸು ತೆಗೆಯಲಿಲ್ಲ. ಅನುಮತಿ ಮುಂದುವರಿಸಬಹುದು."

ಎರಡು ಸಲ ಓದಿದೆ. ಆ ಪುಣ್ಯಾತ್ಮನಿಗೆ ಎಲ್ಲವೂ ತಿಳಿದಿತ್ತು.

ಹಾಳೆ ಹಿಡಿದು ಮೇಲೆ ಓಡಿಬಂದರೆ ನಿಮ್ಮ ಗುಮಾಸ್ತರು ಬೆಳಕಿಗೆ ಹಿಡಿದು ನೋಡಿ ನಕ್ಕರು. "ಭೇಷ್ ಕಣೇ ಜಿನೆವ್ರಾ. ಈ ಹಳದಿ ಬಣ್ಣ ಹೆಂಗೆ ಬರ್ಸಿದೆ, ಕಾಫಿ ನೀರಲ್ಲಿ ಅದ್ದಿದ್ಯಾ?"

ತಪ್ಪು ಅವರದಲ್ಲ. ಹೋದ ಕಾರ್ನಿವಲ್‌ನಲ್ಲಿ ಚೌಕದ ಪ್ರತಿಮೆಯ ಬಾಯಿಗೆ ರೆಫರಿ ಸೀಟಿ ಕಟ್ಟಿದ್ದು ನಾನೇ. ಪುರಸಭೆಯ ಮೊಹರಿನಂಥದ್ದೇ ಒಂದನ್ನು ಆಲೂಗಡ್ಡೆಯಲ್ಲಿ ಕೊರೆದು, ಊರಿನ ಬಾತುಕೋಳಿಗಳಿಗೆಲ್ಲ ಈಜುವ ಪರವಾನಗಿ ಹಂಚಿದ್ದೂ ನಾನೇ. ಎಲ್ಲವನ್ನೂ ಒಪ್ಪಿಕೊಂಡು, ಈ ಬಹಿರಂಗ ಪತ್ರದಲ್ಲಿ ಕೈಮುಗಿದು ಹೇಳುತ್ತೇನೆ: ಈ ಹಾಳೆಯನ್ನು ನಾನು ಮಾಡಿದ್ದಲ್ಲ. ಅಷ್ಟು ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ.

ವಾಂದಾಜ್ಜಿಗೆ ಈಗ ಎಪ್ಪತ್ತೈದು. ಇಷ್ಟು ವರ್ಷ ಪ್ರತಿ ಅಭ್ಯಾಸಕ್ಕೂ ಮಡಚುವ ಕುರ್ಚಿ ತಂದು ಗೋಲಿನ ಹಿಂದೆ ಕೂತು, ಕೀಪರ್ ಹುಡುಗಿಯನ್ನು ಬೈಯುತ್ತಿದ್ದವಳು. ನಿಮ್ಮ ಪತ್ರ ಬಂದಮೇಲೆ ಬರುವುದನ್ನೇ ನಿಲ್ಲಿಸಿದಳು. ಕರೆಯಲು ಹೋದಾಗ ತನ್ನ ಹಳೆಯ ಕೈಗವಸುಗಳನ್ನು ನನ್ನ ಮಡಿಲಿಗೆ ಹಾಕಿದಳು.

"ತಗೊಂಡ್ಹೋಗೇ. ನಾನು ನೋಡ್ಲಾರೆ ಇವನ್ನ."

"ಯಾಕಜ್ಜಿ, ನೀನಿಲ್ದೆ ಅವಳನ್ನ ಬೈಯೋರ್ಯಾರು?"

"ಆಡೋಕೆ ಜಾಗ ಸಿಗ್ಲಿ ಅಂತ ಸುಳ್ಳು ಬರ್ದೆ ಕಣೇ. ಆ ಸುಳ್ಳೇ ನಿಮ್ಮ ಜಾಗ ಕಿತ್ಕೊಳ್ತು. ಐವತ್ತು ವರ್ಷದಲ್ಲಿ ಬಿಟ್ಟ ಒಂದು ಗೋಲಿಗೂ ಇಷ್ಟು ನಾಚ್ಕೊಂಡಿರ್ಲಿಲ್ಲ ನಾನು."

ಊರನ್ನೆಲ್ಲ ನಗಿಸುವ ನಾನು ಕೈಗವಸುಗಳನ್ನು ಎತ್ತಿಕೊಂಡು ಮನೆಗೆ ಬಂದೆ. ಮಾನ್ಯರೇ, ಅವಳಿಗೆ ಉತ್ತರವನ್ನು ತಾವು ಬರೆದುಕೊಡಬೇಕು.

ನಮ್ಮ ಬೇಡಿಕೆ ಒಂದು ವಾಕ್ಯದ್ದು. "೧೯೭೧ರಿಂದ ಈ ಮೈದಾನದಲ್ಲಿದ್ದ ಮಹಿಳಾ ಗಾಯನ ವೃಂದವೇ ಲಿಬೆಲ್ಲುಲ ಫುಟ್‌ಬಾಲ್ ಕ್ಲಬ್" ಎಂದು ಬರೆದು, ಆಲೂಗಡ್ಡೆಯದಲ್ಲದ ಮೊಹರು ಒತ್ತಿಕೊಡಿ. ನಿಮ್ಮದೇ ನಿಯಮದಂತೆ ಗಂಡಸರಿಗಿಂತ ಎಂಟು ವರ್ಷ ಹಿರಿಯರು ನಾವು. ನಂಬಿಕೆ ಬಾರದಿದ್ದರೆ ಹಿಂದಿನವರಂತೆ ತಾವೂ ಖುದ್ದಾಗಿ ಬನ್ನಿ. ಈ ಶುಕ್ರವಾರ ಸಂಜೆ ಆರಕ್ಕೆ ಹದಿನೆಂಟು ಜನ ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತೇವೆ. ತಾವು ಬರುತ್ತೀರೆಂದು ಹೇಳಿ ವಾಂದಾಜ್ಜಿಯನ್ನು ಕುರ್ಚಿ ಸಮೇತ ಹೊತ್ತು ತರುತ್ತೇವೆ. ದಯವಿಟ್ಟು ನನ್ನ ಈ ಒಂದು ಮಾತನ್ನು ಸುಳ್ಳು ಮಾಡಬೇಡಿ. ಆ ಸ್ತುತಿಯನ್ನು ಕಲಿತಿದ್ದೇವೆ. ನಮ್ಮ ಹಾಡು ಕೇಳುವಂತಿಲ್ಲ. ತಾವು ಕಿವಿ ಮುಚ್ಚಿಕೊಳ್ಳಬಹುದು, ಆದರೆ ಮೊದಲು ನಮ್ಮ ಮೊಣಕಾಲು ನೋಡಿ.

ಇಂತಿ,
ಜೂನ್ ಮೂವತ್ತರವರೆಗೆ ಮಾತ್ರ ತಮ್ಮ ವಿಧೇಯಳು,
ಜಿನೆವ್ರಾ ಬೊಂದಾವಲ್ಲಿ
ಎಡಬದಿಯ ಡಿಫೆಂಡರ್, ಸ್ವರಜ್ಞಾನವಿಲ್ಲದ ಗಾಯಕಿ